ಶೇಂಗಾ ಬೇರಿಗೆ ರೈಜೋಬಿಯಂ ಒಂದೇ ಸಾಲದು

ಚಳ್ಳಕೆರೆ, ಮೊಳಕಾಲ್ಮುರು ಕಡೆ ಶೇಂಗಾ ಬೀಜಕ್ಕೆ ರೈಜೋಬಿಯಂ ಎಂಬ ಬ್ಯಾಕ್ಟೀರಿಯಾ ಹಚ್ಚಿ ಬಿತ್ತುವುದು ಹೊಸದಲ್ಲ. ಜೊತೆಗೆ ಬೇರಿನೊಡನೆ ಬೆಳೆಯುವ ಮೈಕೊರೈಜಾ ಶಿಲೀಂಧ್ರವನ್ನೂ ಕೊಡಬೇಕು. ಕಾರಣ, ರಂಜಕ.

ರೈಜೋಬಿಯಂ ಬೇರಿನ ಗಂಟುಗಳಲ್ಲಿದ್ದು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತದೆ, ನಿಜ. ಆದರೆ ಒಂದೇ ಒಂದು ಸಾರಜನಕದ ಅಣು ಒಡೆಯಲು ಜೀವಕೋಶಕ್ಕೆ ಶಕ್ತಿ ಕೊಡುವ ಎಟಿಪಿ ಅಣುಗಳು ಕನಿಷ್ಠ 16 ಖರ್ಚಾಗುತ್ತವೆ. ರಂಜಕವಿಲ್ಲದೆ ಎಟಿಪಿ ಇಲ್ಲ. ನಮ್ಮ ಕೆಂಪು ಮಣ್ಣಿನಲ್ಲಿ ರಂಜಕವನ್ನು ಕಬ್ಬಿಣ, ಅಲ್ಯೂಮಿನಿಯಂ ಹಿಡಿದಿಟ್ಟುಕೊಂಡಿರುತ್ತವೆ. ಬೇರಿನ ಸುತ್ತ ಕೆಲವೇ ಮಿಲಿಮೀಟರ್‌ ಜಾಗದಲ್ಲಿದ್ದದ್ದು ಬೇಗ ಮುಗಿಯುತ್ತದೆ. ಶಿಲೀಂಧ್ರದ ಎಳೆಗಳು ಆ ಬರಿದಾದ ಜಾಗ ದಾಟಿ ಹೋಗಿ ರಂಜಕ, ಸತು ತರುತ್ತವೆ. ಎರಡಕ್ಕೂ ಊಟ ಹಾಕುವುದು ಗಿಡವೇ.

ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ರಂಜಕದ ಗೊಬ್ಬರ ಡಿಎಪಿಯನ್ನು ಧಾರಾಳವಾಗಿ ಸುರಿದ ಹೊಲದಲ್ಲಿ ಬೇರು ಶಿಲೀಂಧ್ರವನ್ನು ಹತ್ತಿರ ಸೇರಿಸುವುದಿಲ್ಲ, ಯೂರಿಯಾ ಹೆಚ್ಚಾದರೆ ಗಂಟು ಕಟ್ಟುವುದಿಲ್ಲ. ಎಷ್ಟು ಹಾಕಬೇಕೆಂದು ಹಿರಿಯೂರಿನ ಕೃಷಿ ಸಂಶೋಧನಾ ಕೇಂದ್ರ ಬಬ್ಬೂರು ಫಾರಂನಲ್ಲೋ, ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರದಲ್ಲೋ ಕೇಳಿಕೊಳ್ಳಿ.

ಬಿತ್ತುವ ದಿನ ಒಂದು ಲೀಟರ್ ನೀರಿಗೆ 100 ಗ್ರಾಂ ಬೆಲ್ಲ ಹಾಕಿ ಕುದಿಸಿ, ಪೂರ್ತಿ ಆರಿಸಿ. ಬಿಸಿಯಿದ್ದರೆ ಬ್ಯಾಕ್ಟೀರಿಯಾ ಸಾಯುತ್ತದೆ. ಬೀಜದ ಮೇಲೆ ಪಾಕ ಚಿಮುಕಿಸಿ, ಶೇಂಗಾಕ್ಕೆಂದೇ ತಯಾರಿಸಿದ ರೈಜೋಬಿಯಂ ಬೆರೆಸಿ, ಕೈಯಾಡಿಸಿ. ಜೋರಾಗಿ ತಿಕ್ಕಬೇಡಿ, ಸಿಪ್ಪೆ ಸುಲಿದರೆ ಮೊಳಕೆ ಕೆಡುತ್ತದೆ. ನೆರಳಲ್ಲಿ ಆರಿಸಿ, ಅಂದೇ ಬಿತ್ತಿ. ಶಿಲೀಂಧ್ರನಾಶಕ ಹಚ್ಚುವುದಿದ್ದರೆ ಕೆಲವು ದಿನ ಮೊದಲೇ ಹಚ್ಚಿ ಮುಗಿಸಿ.

ಮೈಕೊರೈಜಾ ಜೀವಂತ ಬೇರಿನಲ್ಲಷ್ಟೇ ಬೆಳೆಯುತ್ತದೆ. ಆದ್ದರಿಂದ ಅದನ್ನು ಹೊಲದ ತುಂಬ ಎರಚಿದರೆ ದಂಡ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ ಸಾಲಿನಲ್ಲಿ, ಬೀಜದ ಕೆಳಗೇ ಬೀಳಿಸಿ. ಮೊದಲ ಬೇರು ಇಳಿಯುವಾಗಲೇ ಅದಕ್ಕೆ ತಾಗಬೇಕು.

ಸುಮಾರು 40 ದಿನಕ್ಕೆ ನೆಲ ಹಸಿ ಇರುವಾಗ ನಾಲ್ಕಾರು ಕಡೆ ಗಿಡವನ್ನು ಮಣ್ಣಿನ ಸಮೇತ ಅಗೆದು, ನೀರಲ್ಲಿ ಅದ್ದಿ ತೊಳೆಯಿರಿ. ಕಿತ್ತರೆ ಗಂಟುಗಳು ನೆಲದಲ್ಲೇ ಉಳಿಯುತ್ತವೆ. ಶಿಲೀಂಧ್ರ ಬರಿಗಣ್ಣಿಗೆ ಕಾಣದು, ಗಂಟು ಕಾಣುತ್ತದೆ. ಶೇಂಗಾದಲ್ಲಿ ಬ್ಯಾಕ್ಟೀರಿಯಾ ಒಳಹೊಗುವುದು ಕವಲುಬೇರು ಹೊರಬಂದ ಬಿರುಕಿನಿಂದ, ಹಾಗಾಗಿ ಕವಲಿನ ಬುಡದಲ್ಲೇ ಹುಡುಕಿ. ಉಗುರಲ್ಲಿ ಸೀಳಿದಾಗ ಒಳಗೆ ನಸುಗೆಂಪಾಗಿದ್ದರೆ ಕೆಲಸ ನಡೆದಿದೆ. ಬಿಳಿ, ಹಸಿರು ಇದ್ದರೆ ಇಲ್ಲ. ಬೇರು ತಾನೇ ಊದಿಕೊಂಡು, ಗಂಟು ಬಿಡಿಸಲು ಬಾರದಿದ್ದರೆ ಅದು ಜಂತುಹುಳುವಿನ ಕಾಟ. ಆ ಗಿಡವನ್ನು ಬೇರುಸಹಿತ ಕೃಷಿ ಅಧಿಕಾರಿಗೆ ತೋರಿಸಿ.