ಜರ್ಮನಿಯಲ್ಲಿ ‘ಡಾಂಕೆ’ ಅಂದರೆ ಬೇಡ ಅಂತ

ಜರ್ಮನ್ ಸಹೋದ್ಯೋಗಿಯ ಮನೆಗೆ ಮಧ್ಯಾಹ್ನದ ಕಾಫಿಗೆ ಹೋಗಿದ್ದೀರಿ ಅಂದುಕೊಳ್ಳಿ. ಸೇಬಿನ ಕೇಕು ಇನ್ನೊಂದು ತುಂಡು ಹಾಕಲೇ ಅಂತ ಕೇಳುತ್ತಾರೆ. ನೀವು ನಗುತ್ತಾ ‘ಡಾಂಕೆ’, ಅಂದರೆ ಧನ್ಯವಾದ, ಅನ್ನುತ್ತೀರಿ. ತಟ್ಟೆ ಪಕ್ಕದವರ ಕಡೆಗೆ ಹೋಗಿಬಿಡುತ್ತದೆ. ಇಲ್ಲಿ ಏನಾದರೂ ಕೊಡಲು ಬಂದಾಗ ಬರೀ ‘ಡಾಂಕೆ’ ಅಂದರೆ ಸಾಮಾನ್ಯವಾಗಿ ‘ಬೇಡ’ ಅಂತಲೇ ಲೆಕ್ಕ. ಬೇಕಿದ್ದರೆ ‘ಯಾ, ಗೆರ್ನೆ’ (ಹೌದು, ಖುಷಿಯಿಂದ) ಅನ್ನಿ. ನಮ್ಮೂರಿನ ಹಾಗೆ ಎರಡು ಸಲ ‘ಅಯ್ಯೋ ಬೇಡ ಬೇಡ’ ಅಂದು ಮೂರನೇ ಸಲಕ್ಕೆ ಕಾಯುತ್ತಾ ಕೂತರೆ ಆ ಮೂರನೇ ಸಲ ಬರುವುದಿಲ್ಲ. ಅದನ್ನು ಜಿಪುಣತನ ಅಂದುಕೊಳ್ಳಬೇಡಿ. ಬೇಡ ಅಂದವರಿಗೆ ಬಲವಂತ ಮಾಡುವುದೇ ಇವರಿಗೆ ಮುಜುಗರ.

ಅಮೆರಿಕದ ಮಾನವಶಾಸ್ತ್ರಜ್ಞ ಎಡ್ವರ್ಡ್ ಟಿ. ಹಾಲ್ 1976ರಲ್ಲಿ ಮಾತಿನ ಈ ಎರಡು ರೀತಿಗಳಿಗೆ ಹೈ-ಕಾಂಟೆಕ್ಸ್ಟ್, ಲೋ-ಕಾಂಟೆಕ್ಸ್ಟ್ ಅಂತ ಹೆಸರಿಟ್ಟು ವಿವರಿಸಿದರು. ಹೇಳಿದವರು ಯಾರು, ಯಾವ ಧಾಟಿಯಲ್ಲಿ, ಏನನ್ನು ಹೇಳದೆ ಬಿಟ್ಟರು ಅನ್ನುವುದರಲ್ಲೇ ಅರ್ಧ ಅರ್ಥ ಇರುವುದು ಮೊದಲನೆಯದು. ಆಡಿದ ಮಾತಿನಲ್ಲೇ ಅರ್ಥ ಪೂರ್ತಿ ಇರಬೇಕು ಅನ್ನುವುದು ಎರಡನೆಯದು. ನಾವು ಮನೆ ಬಿಡುವಾಗ ‘ಹೋಗ್ತೀನಿ’ ಅನ್ನದೆ ‘ಹೋಗಿ ಬರ್ತೀನಿ’ ಅನ್ನುವ ಜನ. ‘ನೋಡೋಣ’ ಅಂದರೆ ಆಗಲ್ಲ ಅಂತ ನಮಗೆ ಯಾರೂ ಕಲಿಸಿಕೊಡಬೇಕಿಲ್ಲ. ಜರ್ಮನ್ನರಿಗೆ ‘ನೋಡೋಣ’ ಅಂದರೆ ನೀವು ನಿಜವಾಗಿಯೂ ನೋಡಿ ಉತ್ತರ ಕೊಡುತ್ತೀರಿ ಅಂತ. ಶುಕ್ರವಾರ ಬಂದು ಕೇಳುತ್ತಾರೆ.

ಆಫೀಸಿನಲ್ಲಿ ಹೆಚ್ಚು ಏಟು ಬೀಳುವುದು ‘ಆಯ್ತು’ ಅನ್ನುವ ಪದದಿಂದ. ನಮ್ಮ ‘ಆಯ್ತು’ ಎಷ್ಟೋ ಸಲ ‘ಕೇಳಿಸಿಕೊಂಡೆ’ ಅನ್ನುವುದಷ್ಟೇ. ಇಲ್ಲಿ ‘ಯಾ’ ಅಂದರೆ ಒಪ್ಪಿಕೊಂಡ ಹಾಗೆ. ಬುಧವಾರಕ್ಕೆ ಆಗುವುದಿಲ್ಲ ಅಂತ ಗೊತ್ತಿದ್ದೂ ಎದುರು ಮಾತಾಡಬಾರದು ಅಂತ ಹೂಂಗುಟ್ಟಿದರೆ, ಬುಧವಾರ ತಪ್ಪಿದಾಗ ನೀವು ಸೋಮಾರಿ ಅಲ್ಲ, ಸುಳ್ಳುಗಾರ ಆಗುತ್ತೀರಿ. ಅದನ್ನು ಅಳಿಸಲು ತಿಂಗಳುಗಟ್ಟಲೆ ಬೇಕು. ತಲೆಯನ್ನು ಪಕ್ಕಕ್ಕೆ ಅಲ್ಲಾಡಿಸಿ ಒಪ್ಪುವ ಅಭ್ಯಾಸವನ್ನೂ ಬಾಯಿಮಾತಿನ ಜೊತೆಗೇ ಇಟ್ಟುಕೊಳ್ಳಿ, ಒಂಟಿಯಾಗಿ ಬಿಟ್ಟರೆ ಅದು ‘ಇಲ್ಲ’ ಅಂತ ಕಾಣಬಹುದು.

ಇಮೇಲಿನಲ್ಲಿ ವಿಷಯ ಮೊದಲು, ಕಾರಣ ಆಮೇಲೆ. ನಾವು ಮಾಡುವುದು ತಿರುಗು ಮುರುಗು: ಸರ್ವರ್ ಕೈಕೊಟ್ಟ ಕಥೆ, ಇನ್ನೊಂದು ಟೀಮು ಸತಾಯಿಸಿದ ಕಥೆ, ಕೊನೆಗೆ ‘ದಯವಿಟ್ಟು ಸಹಕರಿಸಿ’. ಓದಿದವರಿಗೆ ನಿಮಗೇನು ಬೇಕು ಅಂತಲೇ ಗೊತ್ತಾಗುವುದಿಲ್ಲ. ಹೀಗೆ ಬರೆಯಿರಿ: ‘ವರದಿ ಬುಧವಾರ ಸಿಗುವುದಿಲ್ಲ, ಗುರುವಾರ ಸಂಜೆ 4ಕ್ಕೆ ಕೊಡುತ್ತೇನೆ. ಸರ್ವರ್ ಎರಡು ದಿನ ನಿಂತಿತ್ತು. ನಿಮ್ಮಿಂದ ಮಂಗಳವಾರದೊಳಗೆ ಅನುಮತಿ ಬೇಕು.’ ಕನ್ನಡದಲ್ಲಿ ಓದಿದರೆ ಒರಟು ಅನ್ನಿಸುತ್ತದೆ, ನಿಜ. ಶುರುವಿಗೊಂದು ನಮಸ್ಕಾರ, ಕೊನೆಗೊಂದು ವಂದನೆ ಇದ್ದರೆ ಮರ್ಯಾದೆಗೆ ಅಷ್ಟು ಸಾಕು.

ಮನೆ ಮಾಲೀಕರಿಗೂ ಅಷ್ಟೇ. ‘ಕಿಟಕಿ ಹತ್ತಿರ ಸ್ವಲ್ಪ ಚಳಿ ಸರ್’ ಅಂದರೆ ಅದು ಹವಾಮಾನದ ಮಾತಾಗಿಯೇ ಉಳಿಯುತ್ತದೆ. ಏನು ಕೆಟ್ಟಿದೆ, ಯಾವತ್ತಿನಿಂದ, ಯಾವ ತಾರೀಖಿನೊಳಗೆ ಸರಿಮಾಡಬೇಕು, ಈ ಮೂರನ್ನು ಫೋಟೊ ಸಮೇತ ಬರೆದು ಕಳಿಸಿ. ಇಂಥ ಕಿಟಕಿ ಕೆಲಸಕ್ಕೆ ಎರಡು ವಾರ ಕೊಡುವುದು ರೂಢಿ. ಚಳಿಗಾಲದಲ್ಲಿ ಹೀಟರ್ ನಿಂತರೆ ಅಷ್ಟು ಕಾಯಬೇಕಿಲ್ಲ. ಕೆಟ್ಟಿದ್ದನ್ನು ತಿಳಿಸುವುದು ಬಾಡಿಗೆದಾರರ ಕರ್ತವ್ಯ ಅಂತ ಕಾನೂನೇ ಹೇಳುತ್ತದೆ. ಸುಮ್ಮನಿದ್ದು ಹಾನಿ ಹೆಚ್ಚಾದರೆ ಖರ್ಚು ನಿಮ್ಮ ತಲೆಗೇ ಬರಬಹುದು.

ಹುಷಾರಿಲ್ಲದಾಗ ಮಾತ್ರ ಉಲ್ಟಾ, ನಾವೇ ಜಾಸ್ತಿ ಹೇಳಿಬಿಡುತ್ತೇವೆ. ಭೇದಿ, ವಾಂತಿ ಎಲ್ಲ ವಿವರಿಸುವುದು ಬೇಡ. ಹುಷಾರಿಲ್ಲ, ಇಷ್ಟು ದಿನ ಆಗಬಹುದು, ಅಷ್ಟೇ, ಅದೂ ಕೆಲಸ ಶುರುವಾಗುವ ಮೊದಲೇ. ಮೂರು ದಿನ ಮೀರಿದರೆ ವೈದ್ಯರ ಪ್ರಮಾಣಪತ್ರ ಬೇಕು, ಕಂಪನಿ ಅದಕ್ಕಿಂತ ಮೊದಲೂ ಕೇಳಬಹುದು.

‘ಝೀ’, ‘ಡು’ ಅಂದರೆ ನಮ್ಮ ನೀವು, ನೀನು ಅಂತ ಹೇಳಿಕೊಡುತ್ತಾರೆ. ಪೂರ್ತಿ ಹಾಗಲ್ಲ. ನಮ್ಮಲ್ಲಿ ಮೇಲಧಿಕಾರಿ ‘ನೀನು’ ಅಂದು ನಾವು ‘ನೀವು’ ಅನ್ನುವುದುಂಟು. ಇಲ್ಲಿ ವಯಸ್ಕರ ನಡುವೆ ಎರಡೂ ಕಡೆ ಒಂದೇ ಇರಬೇಕು. ‘ಡು’ಗೆ ಬದಲಾಗೋಣ ಅಂತ ಹಿರಿಯರು ಅಥವಾ ಮೇಲಿನವರು ಹೇಳುತ್ತಾರೆ, ಅಲ್ಲಿಯವರೆಗೆ ‘ಝೀ’. ಸರ್, ಅಂಕಲ್, ಆಂಟಿ ಯಾವುದೂ ನಡೆಯುವುದಿಲ್ಲ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗದಲ್ಲಿ ಅಪ್ಪನ ಹೆಸರೋ ಊರಿನ ಹೆಸರೋ ಇದ್ದರೆ ‘ಹೆರ್’ (ಶ್ರೀ) ಅಂತ ಅದಕ್ಕೇ ಕಾಗದ ಬರುತ್ತದೆ. ಅಂಚೆಪೆಟ್ಟಿಗೆಯ ಮೇಲೂ ಅದನ್ನೇ ಬರೆಸಿ.

ಹೊಗಳಿಕೆಗಾಗಿ ಕಾಯಬೇಡಿ. ಸ್ಟುಟ್‌ಗಾರ್ಟ್ ಕಡೆಯ ಶ್ವಾಬಿಯನ್ನರ ಗಾದೆಯೇ ಇದೆ, ‘ನೆಟ್ ಗ್ಶಿಂಫ್ಟ್ ಇಶ್ ಗ್ನುಗ್ ಗ್ಲೋಬ್ಟ್’: ಬೈಯದಿದ್ದರೆ ಹೊಗಳಿದ ಹಾಗೆಯೇ. ಮೀಟಿಂಗಿನಲ್ಲಿ ಎಲ್ಲರೆದುರು ‘ಇದು ತಪ್ಪು’ ಅಂದವರೇ ಐದು ನಿಮಿಷದ ನಂತರ ನಿಮ್ಮನ್ನು ಊಟಕ್ಕೆ ಕರೆಯುತ್ತಾರೆ. ತಪ್ಪು ಅಂದದ್ದು ಕೆಲಸಕ್ಕೆ.

ಇಷ್ಟು ನೇರ ಜನ ಒಂದೇ ಒಂದು ಕಾಗದದಲ್ಲಿ ನಮಗಿಂತ ಸುತ್ತಿ ಬಳಸಿ ಮಾತಾಡುತ್ತಾರೆ. ಕೆಲಸ ಬಿಡುವಾಗ ಕಂಪನಿ ಕೊಡುವ ‘ಆರ್ಬೈಟ್ಸ್‌ಟ್ಸೊಯ್ಗ್ನಿಸ್’ ಅನ್ನುವ ಪ್ರಮಾಣಪತ್ರ ಅದು. ಈ ಪತ್ರ ಸತ್ಯವಾಗಿರಬೇಕು, ಮುಂದಿನ ಕೆಲಸಕ್ಕೆ ಅಡ್ಡಿಯೂ ಆಗಬಾರದು. ಹಾಗಾಗಿ ಹೊಗಳಿಕೆಯೊಳಗೇ ಅಂಕ ಅಡಗಿಸುವ ಗುಪ್ತ ಭಾಷೆ ಬೆಳೆದಿದೆ. ‘ಶ್ಟೆಟ್ಸ್ ಟ್ಸು ಉನ್ಸರರ್ ಫೊಲ್‌ಸ್ಟನ್ ಟ್ಸುಫ್ರೀಡನ್‌ಹೈಟ್’, ಅಂದರೆ ‘ಸದಾ ನಮಗೆ ಸಂಪೂರ್ಣ ತೃಪ್ತಿಯಾಗುವಂತೆ’ ದುಡಿದರು ಅಂತಿದ್ದರೆ ಅದು ಮೊದಲ ದರ್ಜೆ. ‘ಫೊಲ್‌ಸ್ಟನ್’ (ಅತ್ಯಂತ ಪೂರ್ಣ) ಇಳಿದು ‘ಫೊಲನ್’ (ಪೂರ್ಣ) ಆದರೆ ಎರಡನೆಯದು. ‘ಶ್ಟೆಟ್ಸ್’ (ಸದಾ) ಕೂಡ ಹೋದರೆ ಮೂರು. ಬರೀ ‘ತೃಪ್ತಿಯಾಗುವಂತೆ’ ಅಂದರೆ ನಾಲ್ಕು. ‘ಪ್ರಯತ್ನಪಟ್ಟರು’ ಅಂದರೆ ಕೆಲಸ ಬರುವುದಿಲ್ಲ ಅಂತ. ಕೊನೆಯಲ್ಲಿ ‘ಹೋಗುತ್ತಿರುವುದಕ್ಕೆ ವಿಷಾದ, ಧನ್ಯವಾದ, ಶುಭವಾಗಲಿ’ ಅನ್ನುವ ಸಾಲು ಇಲ್ಲದಿದ್ದರೆ ಓದುವವರ ಹುಬ್ಬೇರುತ್ತದೆ. ಆ ಸಾಲನ್ನು ಕೇಳಿ ಪಡೆಯಬಹುದು, ಹಕ್ಕಿನಿಂದಲ್ಲ. ನಮ್ಮವರು ‘ಎಷ್ಟು ಚೆನ್ನಾಗಿ ಬರೆದಿದ್ದಾರೆ’ ಅಂತ ಖುಷಿಪಟ್ಟು ಫೈಲಿಗೆ ಹಾಕಿಬಿಡುತ್ತಾರೆ. ಸಿಕ್ಕ ವಾರದಲ್ಲೇ ‘ಶ್ಟೆಟ್ಸ್’ ಇದೆಯೇ ಅಂತ ಹುಡುಕಿ, ಇಲ್ಲದಿದ್ದರೆ ತಿದ್ದಿಕೊಡಿ ಅಂತ ಬರೆದು ಕೇಳಿ. ನಿಮ್ಮ ಕೆಲಸ ಬಲ್ಲ ಮ್ಯಾನೇಜರ್ ಬದಲಾಗುವ ಸುದ್ದಿ ಬಂದರೆ, ಅವರು ಹೋಗುವ ಮೊದಲೇ ‘ಟ್ಸ್ವಿಶನ್‌ಟ್ಸೊಯ್ಗ್ನಿಸ್’ ಅನ್ನುವ ಮಧ್ಯಂತರ ಪತ್ರ ಬರೆಸಿಟ್ಟುಕೊಳ್ಳಿ.