1.8 ವೋಲ್ಟ್ ಪ್ರೊಸೆಸರ್‌ಗೆ 3.3 ವೋಲ್ಟ್ ವಿಡಿಯೊ ಚಿಪ್ ಹೊಂದುತ್ತದೆಯೇ?

ಪ್ರೊಸೆಸರ್ ಪಿನ್‌ಗಳಿಂದ ಬರುವುದು 1.8 ವೋಲ್ಟ್. ಮಾನಿಟರ್‌ಗೆ ಚಿತ್ರ ಕಳಿಸುವ ಟ್ರಾನ್ಸ್‌ಮಿಟರ್ ಚಿಪ್ ಓಡುವುದು 3.3 ವೋಲ್ಟ್‌ನಲ್ಲಿ. ಇಷ್ಟು ಕಂಡ ಕೂಡಲೇ ನಡುವೆ ಲೆವೆಲ್ ಟ್ರಾನ್ಸ್‌ಲೇಟರ್ (ಒಂದು ವೋಲ್ಟೇಜ್‌ನ ಸಂಕೇತವನ್ನು ಇನ್ನೊಂದಕ್ಕೆ ಬದಲಿಸುವ ಚಿಪ್) ಹಾಕಲು ಹೊರಡಬೇಡಿ. 2008ರಲ್ಲಿ ಬಂದ ಬೀಗಲ್‌ಬೋರ್ಡ್ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್‌ನಲ್ಲಿ ಇದ್ದದ್ದು ಇದೇ ಜೋಡಿ: ಓಮ್ಯಾಪ್ 3530 ಪ್ರೊಸೆಸರ್ ಮತ್ತು ಟಿಎಫ್‌ಪಿ 410 ಎಂಬ ಡಿವಿಐ (ಮಾನಿಟರ್ ಸಂಪರ್ಕದ ಒಂದು ಬಗೆ) ಟ್ರಾನ್ಸ್‌ಮಿಟರ್. ಅದನ್ನೇ ಇಟ್ಟುಕೊಂಡು ಲೆಕ್ಕ ಹಾಕೋಣ.

ಮೊದಲು ಪ್ರೊಸೆಸರ್ ಡೇಟಾಶೀಟ್‌ನಲ್ಲಿ (ತಯಾರಕರ ವಿವರಪತ್ರ) ಡಿಸ್‌ಪ್ಲೇ ಪಿನ್‌ಗಳು ಯಾವ ಸಪ್ಲೈಗೆ ಸೇರಿವೆ ನೋಡಿ. ಚಿಪ್‌ನ ಒಳಭಾಗ ಓಡುವ ಕೋರ್ ವೋಲ್ಟೇಜ್ ಇಲ್ಲಿ ಲೆಕ್ಕಕ್ಕಿಲ್ಲ. ಓಮ್ಯಾಪ್‌ನಲ್ಲಿ ಡಿಸ್‌ಪ್ಲೇ ಪಿನ್‌ಗಳ ಸಪ್ಲೈ 1.8 ವೋಲ್ಟ್.

ಇನ್ನು ನಾಲ್ಕು ಸಂಖ್ಯೆ ಬರೆದುಕೊಳ್ಳಿ. ಪ್ರೊಸೆಸರ್ 'ಒಂದು' ಎನ್ನುವಾಗ ಕೊಡುವ ಕನಿಷ್ಠ ವೋಲ್ಟೇಜ್, 'ಸೊನ್ನೆ' ಎನ್ನುವಾಗಿನ ಗರಿಷ್ಠ. ಟ್ರಾನ್ಸ್‌ಮಿಟರ್ 'ಒಂದು' ಎಂದು ಒಪ್ಪಲು ಬೇಕಾದ ಕನಿಷ್ಠ, 'ಸೊನ್ನೆ' ಎಂದು ಒಪ್ಪುವ ಗರಿಷ್ಠ. 1.8 ವೋಲ್ಟ್ ಲಾಜಿಕ್‌ನಲ್ಲಿ ಮೊದಲೆರಡು ಸಾಮಾನ್ಯವಾಗಿ 1.35 ಮತ್ತು 0.45.

ಉಳಿದೆರಡನ್ನು ತೀರ್ಮಾನಿಸುವುದು ಟಿಎಫ್‌ಪಿ 410ರ ವಿ-ರೆಫ್ ಪಿನ್, ಅಂದರೆ ಆಧಾರ ವೋಲ್ಟೇಜ್ ಕೊಡುವ ಪಿನ್. ಅದನ್ನು 3.3 ವೋಲ್ಟ್‌ಗೆ ಕಟ್ಟಿದರೆ 'ಒಂದು' ಎನಿಸಿಕೊಳ್ಳಲು ಸಪ್ಲೈನ ಶೇ 70, ಅಂದರೆ 2.31 ವೋಲ್ಟ್ ಬೇಕು. 1.8 ವೋಲ್ಟ್‌ನ ಪ್ರೊಸೆಸರ್ ಅಲ್ಲಿಗೆ ಏರುವುದೇ ಇಲ್ಲ. ಬದಲಿಗೆ ವಿ-ರೆಫ್‌ಗೆ 0.9 ವೋಲ್ಟ್, ಅಂದರೆ 1.8ರ ಅರ್ಧ, ಕೊಟ್ಟರೆ ಮಿತಿಗಳು ಅದರಿಂದ 0.2 ಮೇಲೆ, 0.2 ಕೆಳಗೆ: 1.1 ಮತ್ತು 0.7. ಈಗ ಕಳೆಯಿರಿ. ಮೇಲೆ (1.35ರಲ್ಲಿ 1.1 ಕಳೆದು) 0.25, ಕೆಳಗೂ (0.7ರಲ್ಲಿ 0.45 ಕಳೆದು) 0.25 ವೋಲ್ಟ್ ಉಳಿಯಿತು. ಡೇಟಾ ತಂತಿಗಳಿಗೆ ಟ್ರಾನ್ಸ್‌ಲೇಟರ್ ಬೇಡ. 1.8 ವೋಲ್ಟನ್ನು ಅರ್ಧ ಮಾಡಿ ವಿ-ರೆಫ್‌ಗೆ ಕೊಡಲು ಸಮಾನ ಓಮ್‌ನ ಎರಡು ರೆಸಿಸ್ಟರ್ ಸಾಕು. ಅವಕ್ಕೆ ಪ್ರೊಸೆಸರ್‌ನ ಅದೇ 1.8 ವೋಲ್ಟ್ ಸಪ್ಲೈ ಕೊಡಿ. ಅದು ತುಸು ಇಳಿದರೆ ವಿ-ರೆಫ್ ಕೂಡ ಜೊತೆಗೇ ಇಳಿಯುತ್ತದೆ. ಪಕ್ಕದಲ್ಲೊಂದು ಸಣ್ಣ ಕೆಪಾಸಿಟರ್ ಇರಲಿ.

ಆದರೆ ವಿ-ರೆಫ್ ಆಳುವುದು ಡೇಟಾ, ಸಿಂಕ್ (ಸಾಲು, ಚಿತ್ರಗಳ ಹೊಂದಾಣಿಕೆ ಸಂಕೇತ), ಡಿಇ (ಡೇಟಾ ಎನೇಬಲ್) ಮತ್ತು ಕ್ಲಾಕ್ ಪಿನ್‌ಗಳನ್ನು ಮಾತ್ರ. ಪವರ್-ಡೌನ್‌ನಂಥ ನಿಯಂತ್ರಣ ಪಿನ್‌ಗಳಿಗೆ, ಐ2ಸಿಗೆ (ಚಿಪ್‌ಗಳು ಮಾತಾಡುವ ಎರಡು ತಂತಿಯ ಸಂಪರ್ಕ) ಪ್ರತ್ಯೇಕ ಲೆಕ್ಕ. ವಿಡಿಯೊ ಡೇಟಾ ಒಂದೇ ದಿಕ್ಕಿಗೆ ಹರಿಯುತ್ತದೆ, ಐ2ಸಿಯದು ಎರಡೂ ದಿಕ್ಕು, 3.3 ವೋಲ್ಟ್‌ನ ಪುಲ್-ಅಪ್ (ತಂತಿಯನ್ನು ಮೇಲಿನ ವೋಲ್ಟೇಜ್‌ಗೆ ಎಳೆದಿಡುವ ರೆಸಿಸ್ಟರ್) ಹಾಕಿದರೆ ಆ ವೋಲ್ಟೇಜ್ 1.8ರ ಪ್ರೊಸೆಸರ್ ಪಿನ್‌ಗೆ ಬಂದು ಕೂರುತ್ತದೆ. ಮಾನಿಟರ್ ತನ್ನ ವಿವರ ತಿಳಿಸುವ ಡಿಡಿಸಿ ತಂತಿಗಳಂತೂ 5 ವೋಲ್ಟ್‌ನವು. ಅಲ್ಲಿ ಟ್ರಾನ್ಸ್‌ಲೇಟರ್ ಬೇಕೇ ಬೇಕು. ಬೀಗಲ್‌ಬೋರ್ಡ್‌ನಲ್ಲೂ ಅದಿದೆ.

ಡೇಟಾಶೀಟ್‌ನ 'ಅಬ್ಸಲ್ಯೂಟ್ ಮ್ಯಾಕ್ಸಿಮಮ್' ಪಟ್ಟಿ ನೋಡಿ ಸಮಾಧಾನಪಡಬೇಡಿ. ಅದು ಚಿಪ್ ಕೆಡದಿರುವ ಎಲ್ಲೆಯೇ ಹೊರತು ಕೆಲಸ ಮಾಡುವ ಎಲ್ಲೆಯಲ್ಲ.

ಕೊನೆಗೆ, ಬೋರ್ಡ್‌ಗೆ ಕರೆಂಟ್ ಕೊಟ್ಟು ಮಲ್ಟಿಮೀಟರ್‌ನಲ್ಲಿ ವಿ-ರೆಫ್ ಅಳೆಯಿರಿ. 0.9ರ ಆಸುಪಾಸು ಬಂದರೆ ಮುಂದೆ ಸ್ಕೋಪ್ (ಅಲೆಯ ಆಕಾರ ತೋರಿಸುವ ಆಸಿಲೋಸ್ಕೋಪ್) ಹಚ್ಚಿ, ಅತಿ ವೇಗದ ಪಿಕ್ಸೆಲ್ ಕ್ಲಾಕ್‌ನಲ್ಲಿ ಕ್ಲಾಕ್ ತಂತಿಯನ್ನು ಟ್ರಾನ್ಸ್‌ಮಿಟರ್ ಪಿನ್ ಬಳಿಯೇ ನೋಡಿ. ಪ್ರೊಸೆಸರ್ ಬಳಿ ಚಂದ ಕಾಣುವ ಅಲೆ ತಂತಿಯ ಆ ತುದಿಗೆ ಹೋಗುವಷ್ಟರಲ್ಲಿ ಕೆಟ್ಟಿರಬಹುದು.