ಪುಣೆಯಿಂದ ಹುಬ್ಬಳ್ಳಿಗೆ ವಿಮಾನದಲ್ಲಿ ಎಷ್ಟು ತಾಸು? ನಾನು ಲೆಕ್ಕ ಹಾಕುವ ರೀತಿ

ಪುಣೆಯಲ್ಲಿ ಟಿಕೆಟ್ ಬುಕಿಂಗ್ ನನ್ನ ಕೆಲಸ. ನಮ್ಮ ಕಡೆಯವರು ಬಂದರೆ ಮೊದಲು ಕೇಳುವುದೇ ಇದು: "ಹುಬ್ಬಳ್ಳಿಗೆ ವಿಮಾನದಾಗ ಎಷ್ಟು ತಾಸ್ರೀ?" ಟಿಕೆಟ್ ನೋಡಿ ಹೇಳಿಬಿಡಬಹುದು. ಆದರೆ ಅದು ಅವರಿಗೆ ಬೇಕಾದ ಉತ್ತರ ಅಲ್ಲ, ಅಲ್ವಾ?

ಮೊದಲು ದೂರ. ಫೋನಿನ ಮ್ಯಾಪ್‌ನಲ್ಲಿ ಪುಣೆಯ ವಿಮಾನ ನಿಲ್ದಾಣ ಲೋಹಗಾಂವ್ ಮೇಲೆ ಬೆರಳಿಟ್ಟು ಒತ್ತಿ ಹಿಡಿದರೆ ಅದರ ಅಕ್ಷಾಂಶ, ರೇಖಾಂಶ 18.58, 73.92 ಡಿಗ್ರಿ ಅಂತ ಬರುತ್ತದೆ. ಹುಬ್ಬಳ್ಳಿಯದು 15.36, 75.08. ಉತ್ತರ-ದಕ್ಷಿಣ ವ್ಯತ್ಯಾಸ 3.22, ಒಂದು ಡಿಗ್ರಿ ಅಂದರೆ ಸುಮಾರು 111 ಕಿ.ಮೀ., ಹಾಗಾಗಿ ಅದನ್ನು 111ರಿಂದ ಗುಣಿಸಿದರೆ ಸುಮಾರು 357 ಕಿ.ಮೀ. ಪೂರ್ವ-ಪಶ್ಚಿಮ 1.16, ನಮ್ಮ ಭಾಗದಲ್ಲಿ ಅದಕ್ಕೆ 106 ಹಿಡಿದರೆ ಸಾಕು, 123 ಕಿ.ಮೀ. ಎರಡರ ವರ್ಗ ಕೂಡಿಸಿ ವರ್ಗಮೂಲ ತೆಗೆದರೆ ಹತ್ತಿರ ಹತ್ತಿರ 378. ರಸ್ತೆಯಲ್ಲಿ ಕೊಲ್ಹಾಪುರ, ಬೆಳಗಾವಿ ದಾಟಿ ಹೋದರೆ ಸುಮಾರು 430. ಅಂದರೆ ಉಳಿತಾಯ ಐವತ್ತು ಚಿಲ್ಲರೆ ಕಿಲೋಮೀಟರ್ ಅಷ್ಟೇ.

ಈಗ ಸಮಯ. ರೆಕ್ಕೆಯ ಫ್ಯಾನ್ ತಿರುಗುವ ಎಟಿಆರ್-72 ವಿಮಾನ ಗಂಟೆಗೆ ಸುಮಾರು 500 ಕಿ.ಮೀ. ಹೋಗುತ್ತದೆ, ಹಾಗಾಗಿ 45 ನಿಮಿಷ. ಇದಕ್ಕೆ ನಾನು 25 ನಿಮಿಷ ಸೇರಿಸಿ ಒಟ್ಟು 70 ನಿಮಿಷ ಹಿಡಿಯುತ್ತೇನೆ, ಯಾಕಂದರೆ ಟಿಕೆಟ್‌ನಲ್ಲಿರುವ ಸಮಯ ವಿಮಾನ ನಿಂತ ಜಾಗ ಬಿಟ್ಟಾಗಿನಿಂದ ಆ ಕಡೆ ಹೋಗಿ ನಿಲ್ಲುವವರೆಗಿನದು, ಬರೀ ಹಾರಾಟದ್ದಲ್ಲ. ಜೊತೆಗೆ ಎರಡೂ ಕಡೆ ರನ್‌ವೇ ಹೆಚ್ಚುಕಡಿಮೆ ಪೂರ್ವ-ಪಶ್ಚಿಮಕ್ಕಿದೆ, ನಾವು ಹೋಗಬೇಕಾದ್ದು ದಕ್ಷಿಣಕ್ಕೆ. ಏರಿದ ಮೇಲೂ ತಿರುಗಬೇಕು, ಇಳಿಯುವ ಮುಂಚೆಯೂ ತಿರುಗಬೇಕು. ಲೋಹಗಾಂವ್ ವಾಯುಪಡೆಯ ನೆಲೆಯೂ ಹೌದು, ಅವರ ಸುಖೋಯ್ ಯುದ್ಧವಿಮಾನ ಹೊರಟರೆ ನಮ್ಮ ವಿಮಾನ ಸುಮ್ನೆ ನಿಂತಿರಬೇಕು.

ಜೆಟ್ ಆದರೆ ಬೇಗ ಅಲ್ವಾ ಅಂತ ಕೇಳುತ್ತಾರೆ. ಗಂಟೆಗೆ 800 ಹಿಡಿದರೆ 28 ನಿಮಿಷ, ಹೊರಡುವ, ತಿರುಗುವ, ನಿಲ್ಲುವ ಹೆಚ್ಚಿನ ಸಮಯ ಅರ್ಧ ತಾಸು, ಒಟ್ಟು ಒಂದು ತಾಸಿನ ಆಸುಪಾಸು. ಉಳಿಯುವುದು ಹತ್ತೇ ನಿಮಿಷ! ಯಾಕಂದರೆ ಮೂವತ್ತು ಸಾವಿರ ಅಡಿಯಿಂದ ಮೆಲ್ಲಗೆ ಇಳಿಯಲು ಸುಮಾರು 165 ಕಿ.ಮೀ. ಬೇಕು. ನೇರ ಗೆರೆ ಎಳೆದು ನೋಡಿದರೆ ಹುಬ್ಬಳ್ಳಿಯಿಂದ ಅಷ್ಟು ದೂರ ಅಂದರೆ ಸಾಂಗ್ಲಿ-ಮಿರಜ್ ಮೇಲೆ. ಕೆಳಗೆ ಕೃಷ್ಣೆ ಕಾಣುವ ಹೊತ್ತಿಗೆ ಇಳಿಯುವುದು ಶುರು. ಪೂರ್ತಿ ವೇಗದಲ್ಲಿ ಓಡಲು ಜಾಗವೇ ಸಿಗುವುದಿಲ್ಲ.

ಅಸಲಿ ಸಮಯ ತಿನ್ನುವುದು ನೆಲ. ಪುಣೆಯ ಕೋಥ್ರೂಡ್ ಬಡಾವಣೆಯಿಂದ ಲೋಹಗಾಂವ್‌ಗೆ ಸಂಜೆ ಹೊತ್ತಾದರೆ ತಾಸಿನ ಮೇಲೇ ಹಿಡಿಯಿರಿ, ಅಲ್ಲಿ ಒಂದೂವರೆ ತಾಸು ಮುಂಚೆ ಇರಬೇಕು. ಹುಬ್ಬಳ್ಳಿಯಲ್ಲಿ ಮಾತ್ರ ಆರಾಮ, ನಿಲ್ದಾಣ ಗೋಕುಲ ರಸ್ತೆಯಲ್ಲೇ ಇದೆ, ಬ್ಯಾಗ್ ಬರುವುದಕ್ಕೂ ಜಾಸ್ತಿ ಹೊತ್ತಿಲ್ಲ. ಮನೆಯಿಂದ ಮನೆಗೆ ನಾಲ್ಕೂವರೆ ತಾಸು ಅಂತ ನಾನು ಹೇಳುವುದು ಇದಕ್ಕೇ. ಕಾರಿನಲ್ಲಾದರೆ ಊಟ-ಚಹಾ ಸೇರಿ ಎಂಟು.

ಧಾರವಾಡದವರಿಗೆ, ವಯಸ್ಸಾದವರು ಜೊತೆಗಿದ್ದರೆ, ವಿಮಾನವೇ ಮಾಡಿಕೊಡುತ್ತೇನೆ. ನಿಪ್ಪಾಣಿ, ಸಂಕೇಶ್ವರದವರು ಬಂದರೆ ಮಾತ್ರ ಹುಬ್ಬಳ್ಳಿಗೆ ಹಾರಿ ಮತ್ತೆ ಹಿಂದಕ್ಕೆ ಬರುವ ಉಸಾಬರಿ ಯಾಕೆ, ರಾತ್ರಿ ಬಸ್ಸಿಗೆ ಹತ್ತಿ ಅಂತ ನಾನೇ ಹೇಳಿ ಕಳಿಸುತ್ತೇನೆ. ನನ್ನ ಕಮಿಷನ್ ಹೋದರೂ ಪರವಾಗಿಲ್ಲ.